ಕೋಕೋಪೀಟ್‌ನಿಂದ ಬರೀ ನೀರಿಗೆ

ಪ್ರಶ್ನೆ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡಗಳಲ್ಲಿ ಲೆಟಿಸ್, ಟೊಮೆಟೊ ಬೆಳೆಯುತ್ತಿದ್ದೇನೆ. ಪಂಪ್ ಇಲ್ಲದ ಸರಳ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದು) ಮಾಡುವ ಆಸೆ. ಇರುವ ಗಿಡಗಳನ್ನೇ ನೀರಿಗೆ ಇಡಬಹುದೇ?

ಉತ್ತರ: ಇಡಬಹುದು, ಆದರೆ ನಾನಾದರೆ ಇಡುವುದಿಲ್ಲ. ಬೇರಿಗೆ ಅಂಟಿದ ನಾರು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಜೊತೆಗೆ ಸಣ್ಣ ಬೇರುಗಳೂ ಕಿತ್ತು ಬರುತ್ತವೆ. ಸ್ಪಾಂಜ್ ತುಂಡಿನಲ್ಲಿ ಹೊಸದಾಗಿ ಲೆಟಿಸ್ ಬೀಜ ಹಾಕಿ. ನಾಲ್ಕೈದು ಎಲೆ ಬಂದ ಮೇಲೆ ಜಾಲರಿ ಕಪ್‌ನಲ್ಲಿಟ್ಟು ಡಬ್ಬದ ಮುಚ್ಚಳದ ತೂತಿಗೆ ಕೂರಿಸಿ. ಶುರುವಿನಲ್ಲಿ ನೀರು ಕಪ್‌ನ ತಳ ಮುಟ್ಟಿದರೆ ಸಾಕು. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಆಗ ಗಾಬರಿಯಾಗಿ ಮೇಲಿನವರೆಗೆ ತುಂಬಿಸಬೇಡಿ! ಆ ಖಾಲಿ ಜಾಗದಲ್ಲಿ ಬೇರುಗಳು ಬಿಳಿ ತುಪ್ಪಳದಂತೆ ಹರಡಿ ಗಾಳಿ ಎಳೆದುಕೊಳ್ಳುತ್ತವೆ. ಪಂಪ್ ಇಲ್ಲದೆ ಗಿಡ ಉಸಿರಾಡುವುದೇ ಹೀಗೆ, ಅಲ್ವಾ? ಮತ್ತೆ ಮುಳುಗಿಸಿದರೆ ಗಿಡ ಸೊರಗುತ್ತದೆ.

ಡಬ್ಬದೊಳಗೆ ಬೆಳಕು ಹೋಗಬಾರದು, ಪಾಚಿ ಕಟ್ಟುತ್ತದೆ. ಕೋಕೋಪೀಟ್ ಸಣ್ಣಪುಟ್ಟ ಏರುಪೇರನ್ನು ತಡೆದುಕೊಳ್ಳುತ್ತಿತ್ತು. ಬರೀ ನೀರು ತಡೆಯುವುದಿಲ್ಲ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5ರೊಳಗೆ ಇದೆಯಾ ಅಂತ ಆಗಾಗ ನೋಡಿ. ಗೊಬ್ಬರ ಹೈಡ್ರೋಪೋನಿಕ್ಸ್‌ಗೆಂದೇ ಇರುವುದಾಗಿರಲಿ. ಕ್ಯಾಲ್ಸಿಯಂ ನೈಟ್ರೇಟ್ ಬೇರೆ ಪೊಟ್ಟಣದಲ್ಲಿದ್ದರೆ ಉಳಿದದ್ದರ ಜೊತೆ ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಬೇಡಿ, ಬಿಳಿ ಗಷ್ಟು ಕೂರುತ್ತದೆ. ಒಂದೊಂದಾಗಿ ಡಬ್ಬದ ನೀರಿಗೆ ಕರಗಿಸಿ.

ಟೊಮೆಟೊ ಸದ್ಯಕ್ಕೆ ಕೋಕೋಪೀಟ್‌ನಲ್ಲೇ ಇರಲಿ. ಅದು ಕುಡಿಯುವ ನೀರಿಗೆ ಸಣ್ಣ ಡಬ್ಬ ಸಾಲದು.