ಓಡುತ್ತಿರುವ ಕ್ಯೂಎಮು ವಿಎಂಗೆ ಬಂದ್ ಮಾಡದೆ ಸಿಪಿಯು ಸೇರಿಸಬಹುದಾ?

ಸೇರಿಸಬಹುದು. (ವಿಎಂ ಅಂದರೆ ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್, ಕ್ಯೂಎಮು ಅಂದರೆ ಅದನ್ನು ಓಡಿಸುವ ಸಾಫ್ಟ್‌ವೇರ್.) ಆದರೆ ನೀವು 2 ಸಿಪಿಯು ಅಂತಷ್ಟೇ ಕೊಟ್ಟು ವಿಎಂ ಶುರು ಮಾಡಿದ್ದೀರಿ, ಈಗ 4 ಮಾಡಲು ಹೋದರೆ ಎರರ್ ಬರುತ್ತಿದೆ, ಅಲ್ವಾ? ಹಾಗಿದ್ದರೆ ಈ ಸಲ ಒಮ್ಮೆ ಬಂದ್ ಮಾಡಲೇಬೇಕು. ಶುರು ಮಾಡುವಾಗಲೇ, ಸಿಪಿಯು ಎಷ್ಟು ಅಂತ ಹೇಳುವ ಎಸ್‌ಎಂಪಿ ಆಪ್ಷನ್‌ನಲ್ಲಿ 2ರ ಜೊತೆ, ಗರಿಷ್ಠ ಎಷ್ಟು ಅಂತ ತಿಳಿಸುವ 'ಮ್ಯಾಕ್ಸ್‌ಸಿಪಿಯುಸ್=4' ಅಂತ ಬರೆಯಬೇಕಿತ್ತು. ಬರೆಯದಿದ್ದರೆ ಮೂರನೆಯದನ್ನು ಕೂರಿಸಲು ಜಾಗವೇ ಇರುವುದಿಲ್ಲ.

ನಾನೂ ಇದರಲ್ಲಿ ಸಿಕ್ಕಿಬಿದ್ದಿದ್ದೇನೆ. ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಕಬ್ಬು ತೂಗುವ ಕಾಟಾದ ಸಾಫ್ಟ್‌ವೇರ್ ವಿಎಂನಲ್ಲಿತ್ತು. ಹಂಗಾಮು ಜೋರಾದಾಗ ಒಂದು ತೂಕದ ಚೀಟಿ ಬರಲು ಅರ್ಧ ನಿಮಿಷ. ಹೊರಗೆ ಟ್ರ್ಯಾಕ್ಟರ್ ಸಾಲು ರಸ್ತೆ ತನಕ. ಬಂದ್ ಮಾಡ್ತೀನಿ ಅಂದರೆ ಕಾಟಾದವರು ಬಿಡ್ತಾರಾ? ಕೊನೆಗೆ ರಾತ್ರಿ ಪಾಳಿ ಬದಲಾಗುವಾಗ ಹತ್ತು ನಿಮಿಷ ಬೇಡಿಕೊಂಡೆ. ಆಮೇಲಿಂದ ಯಾವ ವಿಎಂ ಮಾಡಿದರೂ ಮ್ಯಾಕ್ಸ್‌ಸಿಪಿಯುಸ್ 8 ಇಟ್ಟೇ ಇಡುತ್ತೇನೆ.

ಜಾಗ ಇದ್ದರೆ ಕೆಲಸ ಸಲೀಸು. ಓಡುತ್ತಿರುವ ವಿಎಂಗೆ ಕಮಾಂಡ್ ಕೊಡುವ ಕ್ಯೂಎಮು ಮಾನಿಟರ್‌ನಲ್ಲಿ ಮೊದಲು 'ಇನ್ಫೋ ಹಾಟ್‌ಪ್ಲಗೆಬಲ್-ಸಿಪಿಯುಸ್' ಹೊಡೆಯಿರಿ. ಬರುವ ಪಟ್ಟಿಯಲ್ಲಿ ಯಾವುದರ ಕೆಳಗೆ ಕ್ಯೂಒಎಂ ಪಾತ್ (ಕೂತಿರುವ ಸಿಪಿಯುವಿನ ವಿಳಾಸ) ಇಲ್ಲವೋ ಆ ಜಾಗ ಖಾಲಿ. ಅಲ್ಲಿರುವ ಟೈಪ್, ಸಾಕೆಟ್ (ಚಿಪ್ ಕೂರುವ ಗೂಡು), ಕೋರ್ (ಚಿಪ್ ಒಳಗಿನ ಒಂದೊಂದು ಸಂಸ್ಕಾರಕ), ಥ್ರೆಡ್ ನಂಬರ್‌ಗಳನ್ನು ಇದ್ದದ್ದು ಇದ್ದಂಗೇ ತೆಗೆದು 'ಡಿವೈಸ್_ಆ್ಯಡ್' ಕಮಾಂಡ್‌ಗೆ ಕೊಡಿ. ಊಹೆ ಮಾಡಬೇಡಿ. ಕ್ಯೂಎಮುವಿನ 6.2ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹೊಸ ಸಿಪಿಯು ಅಂದರೆ ಹೊಸ ಸಾಕೆಟ್ ಆಗುತ್ತಿತ್ತು, ಈಗ ಅದೇ ಸಾಕೆಟ್‌ನ ಹೊಸ ಕೋರ್ ಆಗುತ್ತದೆ. ಹಳೇ ಲೇಖನ ನೋಡಿ ಸಾಕೆಟ್ ನಂಬರ್ ಹಾಕಿದರೆ ಮತ್ತೆ ಎರರ್. 'ಸಿಪಿಯು-ಆ್ಯಡ್' ಅನ್ನೋ ಕಮಾಂಡ್ ಅಂತೂ 5.2ರಲ್ಲೇ ತೆಗೆದುಹಾಕಿದ್ದಾರೆ, ಅದನ್ನು ಸುಮ್ನೆ ಹುಡುಕಬೇಡಿ.

ಮಾನಿಟರ್ ತುಟಿ ಪಿಟಕ್ಕೆನ್ನದೆ ಸುಮ್ಮನಾದರೆ ಸೇರಿತು ಅಂತ ಅರ್ಥ. ಆದರೂ ಒಳಗಿನ ಲಿನಕ್ಸ್‌ನಲ್ಲಿ 'ಟಾಪ್' ತೆಗೆದರೆ ಎರಡೇ ಸಿಪಿಯು ಕಾಣಬಹುದು. 'ಎಲ್‌ಎಸ್‌ಸಿಪಿಯು' ಹೊಡೆದು ನೋಡಿ, ಹೊಸದು ಆಫ್‌ಲೈನ್ ಪಟ್ಟಿಯಲ್ಲಿ ಮಲಗಿರುತ್ತದೆ. ಕೆಲವು ಕಡೆ ತಾನೇ ಏಳುತ್ತದೆ, ಇಲ್ಲದಿದ್ದರೆ ಸಿಸ್ ಫೋಲ್ಡರ್ ಒಳಗೆ ಆ ಸಿಪಿಯುವಿನ 'ಆನ್‌ಲೈನ್' ಫೈಲಿಗೆ 1 ಬರೆಯಿರಿ.

ಲಿಬ್‌ವರ್ಟ್ ಅನ್ನೋ ವಿಎಂ ನಿರ್ವಹಣೆ ಸಾಫ್ಟ್‌ವೇರ್ ಬಳಸುತ್ತಿದ್ದರೆ ಇಷ್ಟೆಲ್ಲ ಬೇಡ, ಅದರ ಕಮಾಂಡ್ ಟೂಲ್ ಆದ ವರ್ಶ್‌ನ 'ಸೆಟ್‌ವಿಸಿಪಿಯುಸ್'ಗೆ 'ಲೈವ್' ಸೇರಿಸಿದರೆ ಸಾಕು. 'ಕಾನ್ಫಿಗ್' ಕೂಡ ಹಾಕಿ. ಇಲ್ಲದಿದ್ದರೆ ವಿಎಂ ಬಂದ್ ಮಾಡಿ ಶುರು ಮಾಡಿದಾಗ ಮತ್ತೆ ಎರಡಕ್ಕೇ ಬಂದು ನಿಲ್ಲುತ್ತದೆ.

ವಾಪಸ್ ತೆಗೆಯೋದು ಬೇರೆ ಕಥೆ. 'ಡಿವೈಸ್_ಡೆಲ್' ಬರೀ ಒಂದು ವಿನಂತಿ. ಒಳಗಿನ ಓಎಸ್ ಒಪ್ಪಿದರೆ ಮಾತ್ರ ಬಿಡುತ್ತದೆ. ನಾನಂತೂ ಹಂಗಾಮು ಮುಗಿಯೋ ತನಕ ಆ ಗೋಜಿಗೆ ಹೋಗಲಿಲ್ಲ.