ಎಲ್ವಿಸ್ ಹಾಡಿದರೆ ವೋಟು ಬೀಳುತ್ತಾ?

ಪ್ರಶ್ನೆ: ಜಪಾನಿನ ಪ್ರಧಾನಿಯಾಗಿದ್ದ ಜುನಿಚಿರೊ ಕೊಯಿಜುಮಿ ಅವರಿಗೆ ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಹಾಡೆಂದರೆ ಹುಚ್ಚಂತೆ, ಅದರಿಂದಲೇ ಜನಪ್ರಿಯರಾದರಂತೆ. ನಾಯಕನಿಗೆ ಯಾವ ಸಂಗೀತ ಇಷ್ಟ ಅಂತ ನೋಡಿ ಯಾರಾದರೂ ವೋಟು ಹಾಕುತ್ತಾರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅದರಿಂದಲೇ ಅಲ್ಲ. ಹಾಗಂತ ತಳ್ಳಿಹಾಕುವ ವಿಷಯವೂ ಅಲ್ಲ. 2001ರ ಏಪ್ರಿಲ್‌ನಲ್ಲಿ ಕೊಯಿಜುಮಿ ಪ್ರಧಾನಿಯಾಗುವ ಹೊತ್ತಿಗೆ ಜಪಾನಿನ ಆರ್ಥಿಕತೆ ಹತ್ತು ವರ್ಷದಿಂದ ಮೇಲೇಳಲಾಗದೆ ಒದ್ದಾಡುತ್ತಿತ್ತು, ಪ್ರಧಾನಿಗಳು ಬರುತ್ತಿದ್ದರು ಹೋಗುತ್ತಿದ್ದರು, ಮುಂದಿನವರು ಯಾರು ಅನ್ನೋದನ್ನು ಆಳುವ ಪಕ್ಷವಾದ ಎಲ್‌ಡಿಪಿಯ ಬಣಗಳ ಹಿರಿಯರು ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತಿದ್ದರು. ಅಲ್ಲಿಗೆ ಗುಂಗುರು ಕೂದಲಿನ ಈ ಮನುಷ್ಯ ಬಂದರು. ಬದಲಾಗದಿದ್ದರೆ ನನ್ನ ಪಕ್ಷವನ್ನೇ ಒಡೆದು ಹಾಕುತ್ತೇನೆ ಎಂದರು. ಬಣಗಳನ್ನು ಕೇಳದೆ ಮಂತ್ರಿಮಂಡಲ ಮಾಡಿದರು, ಅದರಲ್ಲಿ 5 ಮಹಿಳೆಯರಿದ್ದರು. ಜನಬೆಂಬಲ ಶೇ 80 ದಾಟಿತು, ಅವರ ಪೋಸ್ಟರ್‌ಗಳನ್ನು ಜನ ಸಿನಿಮಾ ನಟನದ್ದರಂತೆ ಕೊಂಡುಕೊಂಡರು.

ಸಂಗೀತ ಸೇರಿಕೊಂಡಿದ್ದು ಇಲ್ಲಿ. ಅದೇ ವರ್ಷ ತಮಗೆ ಇಷ್ಟವಾದ ಎಲ್ವಿಸ್ ಹಾಡುಗಳನ್ನು ಆರಿಸಿ ಒಂದು ಸಿಡಿ ತಂದರು. ಇಬ್ಬರೂ ಹುಟ್ಟಿದ್ದು ಜನವರಿ 8ರಂದು. ಯುವಕರು ಮೆಚ್ಚುವ ಎಕ್ಸ್ ಜಪಾನ್ ಅನ್ನೋ ರಾಕ್ ತಂಡ ಅವರಿಗೆ ಇಷ್ಟ, ಪಕ್ಷದ ಜಾಹೀರಾತಿನಲ್ಲೂ ಆ ತಂಡದ ಹಾಡು ಬಂತು. ಇನ್ನೊಂದು ಕಡೆ ಜರ್ಮನ್ ಸಂಗೀತಕಾರ ವಾಗ್ನರ್‌ನ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ನೋಡಲು 2003ರಲ್ಲಿ ಜರ್ಮನಿಯ ಬೈರಾಯ್ಟ್‌ಗೇ ಹೋದರು. ಇದೆಲ್ಲ ಲೆಕ್ಕ ಹಾಕಿ ಜೋಡಿಸಿದ್ದಾಗಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದರು. ಅವರಿಗೆ ನಿಜವಾಗಿಯೂ ಈ ಹುಚ್ಚಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಬರೆದುಕೊಟ್ಟದ್ದನ್ನು ಓದುವ ನಾಯಕರನ್ನು ನೋಡಿ ನೋಡಿ ಬೇಸತ್ತ ಜನಕ್ಕೆ, ಇವರಿಗೂ ಕಚೇರಿಯ ಆಚೆ ಒಂದು ಬದುಕಿದೆ ಅಂತ ಅನ್ನಿಸಿತು. ಹಾಗನ್ನಿಸಿದ ಮೇಲೆ ಅವರ ಮಾತಿಗೂ ಕಿವಿಗೊಟ್ಟರು.

ಆದರೆ ಕಿವಿಗೊಡುವುದು ಬೇರೆ, ವೋಟು ಬೇರೆ. 2002ರ ಆರಂಭದಲ್ಲಿ ಜನರ ಅಚ್ಚುಮೆಚ್ಚಿನ ವಿದೇಶಾಂಗ ಮಂತ್ರಿ ತನಾಕಾ ಮಕಿಕೊ ಅವರನ್ನು ತೆಗೆದುಹಾಕಿದ ಕೂಡಲೇ ಬೆಂಬಲ ಸರ್ರನೆ ಇಳಿಯಿತು. 2004ರ ಮೇಲ್ಮನೆ ಚುನಾವಣೆಯಲ್ಲಿ ಪಿಂಚಣಿ ಕಾನೂನು, ಇರಾಕ್‌ಗೆ ಸೇನೆ ಕಳಿಸಿದ್ದು, ಇವುಗಳ ಮೇಲೆ ಜನರ ಸಿಟ್ಟು ಜೋರಾಗಿತ್ತು. ಎಲ್‌ಡಿಪಿಗೆ 49 ಸ್ಥಾನ, ವಿರೋಧ ಪಕ್ಷವಾದ ಡಿಪಿಜೆಗೆ 50. ಕೂದಲೂ ಅದೇ, ಎಲ್ವಿಸ್ಸೂ ಅದೇ, ಅಲ್ವಾ?

ಮರುವರ್ಷ ನೋಡಿ. ಕೊಯಿಜುಮಿ ತಂದ ಅಂಚೆ ಖಾಸಗೀಕರಣದ ಮಸೂದೆಯನ್ನು ಮೇಲ್ಮನೆ ತಿರಸ್ಕರಿಸಿತು. ಕೊಯಿಜುಮಿ ಕೆಳಮನೆಯನ್ನೇ ವಿಸರ್ಜಿಸಿದರು, ಅಲ್ಲಿ ಮಸೂದೆಗೆ ವಿರೋಧವಾಗಿ ವೋಟು ಹಾಕಿದ್ದ ಸ್ವಂತ ಪಕ್ಷದವರಿಗೆ ಟಿಕೆಟ್ ಕೊಡಲಿಲ್ಲ, ಅವರೆದುರು ಕೊಯಿಕೆ ಯುರಿಕೊ ಅಂಥ ಹೆಸರಾದವರನ್ನು ನಿಲ್ಲಿಸಿದರು. ಟಿವಿಯವರಿಗೆ ಹಬ್ಬ. 2005ರ ಸೆಪ್ಟೆಂಬರ್ 11ರಂದು ಎಲ್‌ಡಿಪಿ 480ರಲ್ಲಿ 296 ಸ್ಥಾನ ಗೆದ್ದಿತು. ಅದು ಹಾಡಿನ ಗೆಲುವಲ್ಲ. ಸೋತರೆ ಕುರ್ಚಿ ಬಿಡುತ್ತೇನೆ ಅಂತ ಒಬ್ಬ ಮನುಷ್ಯ ಒಂದೇ ವಿಷಯಕ್ಕೆ ಪಣ ಕಟ್ಟಿ ನಿಂತದ್ದಕ್ಕೆ ಸಿಕ್ಕ ಗೆಲುವು. ಆ ಮಸೂದೆ ಒಳ್ಳೆಯದಾ ಕೆಟ್ಟದ್ದಾ ಅನ್ನೋ ಚರ್ಚೆ ಈ ಗದ್ದಲದಲ್ಲಿ ಹಿಂದೆ ಬಿತ್ತು, ಅದು ನನಗೆ ಇವತ್ತಿಗೂ ಬೇಸರದ ಸಂಗತಿ.

ಅಮೆರಿಕದಲ್ಲಿ ಎಲ್ವಿಸ್‌ನ ಮನೆಗೆ ಹೋಗಿ ಅವನ ಹಾಡಿನ ಸಾಲು ಹಾಡಿದ್ದು 2006ರ ಜೂನ್ 30ರಂದು, ಆಗಿನ ಅಮೆರಿಕ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಜೊತೆ. ಅಧಿಕಾರ ಬಿಡಲು ಮೂರು ತಿಂಗಳೂ ಉಳಿದಿರಲಿಲ್ಲ. ಅಲ್ಲಿ ವೋಟಿನ ಲಾಭ ಏನೂ ಇರಲಿಲ್ಲ.

ಪ್ರಶ್ನೆ: ಕ್ಲಿಂಟನ್ ಟಿವಿಯಲ್ಲಿ ಸ್ಯಾಕ್ಸೊಫೋನ್ ನುಡಿಸಿಯೇ ಗೆದ್ದರು ಅನ್ನುತ್ತಾರಲ್ಲ?
– ಓದುಗರೊಬ್ಬರು, ಮೈಸೂರು

ಉತ್ತರ: 1992ರ ಜೂನ್ 3ರಂದು, ಕಪ್ಪು ಕನ್ನಡಕ ಹಾಕಿಕೊಂಡು ನುಡಿಸಿದರು. ಚೆನ್ನಾಗಿಯೇ ಇತ್ತು, ಶಾಲೆಯ ದಿನಗಳಿಂದ ನುಡಿಸಿದವರು. ಆದರೆ ಆ ತಿಂಗಳ ಸಮೀಕ್ಷೆಗಳಲ್ಲಿ ಅವರು ಆಗ ಅಧ್ಯಕ್ಷರಾಗಿದ್ದ ಹಿರಿಯ ಬುಷ್ ಮತ್ತು ಸ್ವತಂತ್ರ ಅಭ್ಯರ್ಥಿ ಪೆರೊ ಇಬ್ಬರಿಗಿಂತ ಹಿಂದೆ, ಮೂರನೆಯವರು. ಮೇಲೆ ಬಂದಿದ್ದು ಜುಲೈನಲ್ಲಿ ಪಕ್ಷದ ಸಮಾವೇಶ ನಡೆದು, ಪೆರೊ ಕಣದಿಂದ ಹಿಂದೆ ಸರಿದಾಗ. ಪೆರೊ ಆಮೇಲೆ ವಾಪಸ್ ಬಂದರೂ ಅಷ್ಟರಲ್ಲಿ ಕ್ಲಿಂಟನ್ ತುಂಬಾ ಮುಂದೆ ಹೋಗಿದ್ದರು.