ಗಾಡಿ ಮಾತು: ಹೊಸ ಕಾರಿಗೆ ಫಿಲ್ಮ್ ಹಾಕಿಸಬೇಕಾ?

ಹಬ್ಬಕ್ಕೆ ಹೊಸ ಗಾಡಿ ತಗೊಂಡವರು ಜಾಸ್ತಿ ಅಂತ ಕಾಣುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಿಪಿಎಫ್ ಬಗ್ಗೆಯೇ ಇವೆ. ಪಿಪಿಎಫ್ ಅಂದರೆ ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮು, ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ಹಾಗಾಗಿ ಮೈಲೇಜು, ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ದಸರಾಕ್ಕೆ ಕಪ್ಪು ಬಣ್ಣದ ಎಸ್‌ಯುವಿ ತಗೊಂಡೆ. ಶೋರೂಮಿನವರು ಇಡೀ ಬಾಡಿಗೆ ಪಿಪಿಎಫ್ ಹಾಕಿಸಿ ಅಂತಿದ್ದಾರೆ. ನಮ್ಮ ಭಾವ, ಸೆರಾಮಿಕ್ ಕೋಟಿಂಗ್ ಸಾಕು, ಸುಮ್ನೆ ದುಡ್ಡು ಕಳೀಬೇಡ ಅಂತಾರೆ. ತಿಂಗಳಿಗೆ ಎರಡು ಸಲ ಪುಣೆಗೆ ಹೋಗಿ ಬರ್ತೀನಿ. ಯಾರ ಮಾತು ಕೇಳಲಿ? (ಡೊಂಬಿವಲಿ)

ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ.

ಸೆರಾಮಿಕ್ ಅನ್ನೋದು ದ್ರವ. ಒರೆಸಿ ಒಣಗಿಸಿದ ಮೇಲೆ ಉಳಿಯೋದು ಒಂದೆರಡು ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಪದರ. ನೀರು ನಿಲ್ಲೋದಿಲ್ಲ, ಕೊಳೆ ಬೇಗ ಬಿಡುತ್ತದೆ, ಕಪ್ಪು ಬಣ್ಣ ಮಿರಮಿರ ಅನ್ನುತ್ತದೆ. ಅಷ್ಟೇ ಅದರ ಕೆಲಸ. ಜಾಹೀರಾತಿನಲ್ಲಿ '9ಎಚ್ ಗಡಸು' ಅಂತ ಬರೆದಿರುತ್ತಾರಲ್ಲ, ಅದು ಪೆನ್ಸಿಲ್ ಗೀರಿ ನೋಡುವ ಪರೀಕ್ಷೆಯ ಅಳತೆ, ಲಾರಿ ಟೈರಿನಿಂದ ಹಾರಿ ಬರುವ ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಫಿಲ್ಮಿನ ಲೆಕ್ಕವೇ ಬೇರೆ. ಒಳ್ಳೆಯ ಪಿಪಿಎಫ್ 150ರಿಂದ 200 ಮೈಕ್ರಾನ್ ದಪ್ಪ ಇರುತ್ತದೆ. ನಿಮ್ಮ ಕಾರಿನ ತಗಡಿನ ಮೇಲಿರುವ ಪ್ರೈಮರು, ಬಣ್ಣ, ಮೇಲಿನ ಕ್ಲಿಯರ್ ಕೋಟು ಎಲ್ಲ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಬಣ್ಣಕ್ಕಿಂತ ಅದರ ಮೇಲಿನ ಹೊದಿಕೆಯೇ ದಪ್ಪ. ಅದೂ ರಬ್ಬರಿನ ಹಾಗೆ ಬಾಗುವ ಪಾಲಿಯುರಿಥೇನು, ಕಲ್ಲಿನ ಪೆಟ್ಟನ್ನು ತಾನು ತಗೊಳ್ಳುತ್ತದೆ. ಈ ಜಾತಿಯ ಫಿಲ್ಮು ಮೊದಲು ಬಳಕೆಗೆ ಬಂದದ್ದು ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಮರಳು ಕಲ್ಲಿನ ಏಟಿನಿಂದ ಹೆಲಿಕಾಪ್ಟರಿನ ರೆಕ್ಕೆ ಕಾಪಾಡೋಕೆ.

ಈಗ ನಿಮ್ಮ ದಾರಿ ನೋಡಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋಗುವಾಗ ಕಲ್ಲು ಬಡಿಯೋದು ಎಲ್ಲಿಗೆ? ಮುಂದಿನ ಬಂಪರು, ಬಾನೆಟ್ಟು, ಎರಡು ಮುಂದಿನ ಫೆಂಡರು, ಕನ್ನಡಿಗಳ ಬೆನ್ನು, ಗಾಜಿನ ಅಕ್ಕಪಕ್ಕದ ಕಂಬ, ಛಾವಣಿಯ ಮುಂದಿನ ಅಂಚು. ಜೊತೆಗೆ ಮುಂದಿನ ಚಕ್ರ ಎಸೆಯುವ ಕಲ್ಲು ಬಡಿಯುವ ಬಾಗಿಲ ಕೆಳಭಾಗ. ಇಲ್ಲಿಗೆ ಫಿಲ್ಮ್ ಹಾಕಿಸಿ. ಬಾಗಿಲ ಹಿಡಿಯ ಹಿಂದಿನ ಗುಳಿಗೂ (ಉಗುರು, ಉಂಗುರ ತಾಗಿ ಗೀರು ಬೀಳುವ ಜಾಗ), ಡಿಕ್ಕಿಯ ಅಂಚಿಗೂ ಒಂದೊಂದು ತುಂಡು ಹಾಕಿಸಿಕೊಳ್ಳಿ, ಅದಕ್ಕೆ ಖರ್ಚು ಕಡಿಮೆ. ಉಳಿದ ಛಾವಣಿಗೆ, ಹಿಂಬದಿಗೆ ಸೆರಾಮಿಕ್ ಸಾಕು. ಇಡೀ ಬಾಡಿಗೆ ಹಾಕಿಸೋದು ತಪ್ಪಲ್ಲ, ಆದರೆ ದೊಡ್ಡ ಗಾಡಿಗೆ ಒಳ್ಳೆ ಫಿಲ್ಮು ಅಂದರೆ ಲಕ್ಷ ದಾಟುತ್ತದೆ, ಆ ದುಡ್ಡಿನ ಬಹುಭಾಗ ಕಲ್ಲೇ ಬಡಿಯದ ಜಾಗಕ್ಕೆ ಹೋಗುತ್ತದೆ. ಇನ್ನೊಂದು, ಡೊಂಬಿವಲಿ ಸ್ಟೇಷನ್ ರಸ್ತೆಯಲ್ಲಿ ರಿಕ್ಷಾ ಒತ್ತಿಕೊಂಡು ಹೋದರೆ ಯಾವ ಫಿಲ್ಮೂ ಡೆಂಟು ತಡೆಯೋದಿಲ್ಲ.

ಎರಡೂ ಮಾಡಿಸುವುದಾದರೆ ಮೊದಲು ಫಿಲ್ಮು, ಆಮೇಲೆ ಸೆರಾಮಿಕ್. ಸೆರಾಮಿಕ್ ಮೇಲೆ ಫಿಲ್ಮಿನ ಅಂಟು ಸರಿಯಾಗಿ ಕೂರೋದಿಲ್ಲ.

ಶೋರೂಮಿನಲ್ಲೇ ಹಾಕಿಸಬೇಕು ಅಂತೇನಿಲ್ಲ. ಎಲ್ಲಿ ಹಾಕಿಸಿದರೂ ಬ್ರ್ಯಾಂಡಿಗಿಂತ ಮೊದಲು ಅಂಟಿಸುವವನ ಕೈ ನೋಡಿ. ಅವನು ಮುಗಿಸಿದ ಒಂದು ಗಾಡಿ ತೋರಿಸು ಅನ್ನಿ, ಅಂಚಿನ ಹತ್ತಿರ ಕಣ್ಣಿಟ್ಟು ನೋಡಿ. ಫಿಲ್ಮು ಬಾನೆಟ್ಟಿನ ಅಂಚು ಸುತ್ತಿ ಒಳಗೆ ಮಡಚಿದೆಯಾ, ಅಥವಾ ಮೇಲೆಯೇ ಕತ್ತರಿಸಿ ಬಿಟ್ಟಿದ್ದಾನಾ? ಕೆಲವರು ಗಾಡಿಯ ಮೇಲೆಯೇ ಬ್ಲೇಡಿನಿಂದ ಕತ್ತರಿಸುತ್ತಾರೆ. ಕೈ ಸ್ವಲ್ಪ ಭಾರವಾದರೆ ಬಣ್ಣಕ್ಕೇ ಗೀರು ಬೀಳುತ್ತದೆ, ಆ ಗೀರು ನಿಮಗೆ ಗೊತ್ತಾಗೋದು ವರ್ಷಗಳ ಮೇಲೆ, ಫಿಲ್ಮು ತೆಗೆದಾಗ. ನಿಮ್ಮ ಮಾಡೆಲಿನ ಅಳತೆ ಹಾಕಿ ಪ್ಲಾಟರ್ ಮೆಷಿನ್ನಿನಲ್ಲಿ ಮೊದಲೇ ಕತ್ತರಿಸಿ ತರುವವರು ವಾಸಿ. ಇಡೀ ಗಾಡಿಯ ಕೆಲಸ 'ಸಂಜೆಗೆ ಕೊಡ್ತೀನಿ' ಅಂದವನಿಗೆ ನಮಸ್ಕಾರ ಹೇಳಿ ಹೊರಡಿ. ತೊಳೆದು, ಕ್ಲೇ (ಅಂಟಿಕೊಂಡ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಉಜ್ಜಿ, ಪಾಲಿಶ್ ಮಾಡಿ, ಆಮೇಲೆ ಅಂಟಿಸೋಕೆ ದಿನಗಳೇ ಬೇಕು. ಹೊಸ ಗಾಡಿಗೆ ಪಾಲಿಶ್ ಯಾಕೆ ಅಂತ ಕೇಳಬೇಡಿ. ಯಾರ್ಡಿನಲ್ಲಿ ಧೂಳು ತಿಂದು, ಡೆಲಿವರಿ ದಿನ ಯಾವುದೋ ಬಟ್ಟೆಯಲ್ಲಿ ಒರೆಸಿಕೊಂಡು ಬಂದ ಕಪ್ಪು ಕಾರಿನ ಮೇಲೆ ಟಾರ್ಚ್ ಬಿಟ್ಟು ನೋಡಿ, ಸುತ್ತುಸುತ್ತಾಗಿ ಗೀರು ಕಾಣಿಸುತ್ತವೆ. ಅದರ ಮೇಲೆಯೇ ಫಿಲ್ಮು ಹಾಕಿದರೆ ಗೀರು ಸಮೇತ ಸೀಲ್ ಆದ ಹಾಗೆ.

ಮೋಸ ಆಗೋದು ರೋಲಿನಲ್ಲಿ. ಸಾಮಾನ್ಯವಾಗಿ ಒಂದು ರೋಲು ಐದಡಿ ಅಗಲ, ಸುಮಾರು ಐವತ್ತಡಿ ಉದ್ದ. ಬಾನೆಟ್ಟಿಗೆ ಒಳ್ಳೆ ಫಿಲ್ಮು, ಹಿಂದೆ ಅಗ್ಗದ್ದು ಹಾಕೋ ಜನ ಇದ್ದಾರೆ. ರೋಲು ನಿಮ್ಮ ಮುಂದೆ ಬಿಚ್ಚಿಸಿ, ಸೀರಿಯಲ್ ನಂಬರಿನ ಫೋಟೋ ತಗೊಳ್ಳಿ, ವಾರಂಟಿ ನಿಮ್ಮ ಗಾಡಿ ನಂಬರಿನ ಮೇಲೆ ಬರೆಸಿ. ಒಂದು ತುಂಡು ಕೈಗೆ ಇಸಕೊಂಡು ಎಳೆದು ನೋಡಿ. ಪಾಲಿಯುರಿಥೇನು ಆದರೆ ಬಿಟ್ಟ ಮೇಲೆ ವಾಪಸ್ ಬರುತ್ತದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕಿನ ಫಿಲ್ಮು ಎಳೆದಲ್ಲೇ ನಿಲ್ಲುತ್ತದೆ.

ವಾಸ್ಕೋದಲ್ಲಿ ಸಮುದ್ರದ ಹತ್ತಿರ ಮನೆ. ಎಂಟು ವರ್ಷದ ಹಳೇ ಕಾರು, ಬಾಗಿಲ ಕೆಳಗೆ ತುಕ್ಕು ಶುರುವಾಗಿದೆ. ಫಿಲ್ಮ್ ಹಾಕಿಸಿದರೆ ನಿಲ್ಲುತ್ತಾ? (ಗೋವಾ)

ನಿಲ್ಲೋದಿಲ್ಲ, ಹಾಕಿಸಬೇಡಿ. ಉಪ್ಪುಗಾಳಿಯ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಬರುತ್ತದೆ. ಬಾಗಿಲ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಅವು ಮಣ್ಣು ತುಂಬಿ ಮುಚ್ಚಿಕೊಂಡರೆ ಒಳಗೆ ನೀರು ನಿಂತು ತಗಡು ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಒಳಗೆ ಕೆಲಸ ಕೆಟ್ಟಿರುತ್ತದೆ. ಅದರ ಮೇಲೆ ಫಿಲ್ಮು ಅಂಟಿಸಿದರೆ ತೇವಕ್ಕೆ ಹೊದಿಕೆ ಹೊದಿಸಿದಂತೆ. ತೂತು ಬಿಡಿಸಿ, ತುಕ್ಕು ಉಜ್ಜಿ ತೆಗೆಸಿ, ಡೆಂಟಿಂಗ್-ಪೇಂಟಿಂಗ್ ಮಾಡಿಸಿ, ಗಾಡಿಯ ತಳಕ್ಕೆ ಆಗಾಗ ಸಿಹಿನೀರು ಹೊಡೆಸಿ. ಮತ್ತೆ ನಿಮ್ಮ ಕಡೆಯ ಕೆಂಪು ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ, ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಫಿಲ್ಮ್ ಹಾಕಿಸಿದೆ. ಎರಡು ದಿನ ಆಯ್ತು, ಒಳಗೆ ಗುಳ್ಳೆ ಗುಳ್ಳೆ ಕಾಣಿಸ್ತಿದೆ. ಸೂಜಿಯಿಂದ ಚುಚ್ಚಲಾ? (ಕೋಥ್ರುಡ್, ಪುಣೆ)

ಚುಚ್ಚಬೇಡಿ! ಫಿಲ್ಮು ಅಂಟಿಸೋದೇ ಶ್ಯಾಂಪೂ ನೀರು ಚಿಮುಕಿಸಿ, ಆ ನೀರನ್ನು ರಬ್ಬರ್ ಪಟ್ಟಿಯಿಂದ ಹೊರಗೆ ತಳ್ಳುತ್ತಾ. ಸ್ವಲ್ಪ ನೀರು ಉಳಿಯುತ್ತದೆ, ಅದು ನಿಧಾನಕ್ಕೆ ಆರುತ್ತದೆ, ಮಳೆಗಾಲದಲ್ಲಿ ಇನ್ನೂ ನಿಧಾನ. ಒಂದೆರಡು ವಾರ ಕಾಯಿರಿ. ಮೊದಲ ವಾರ ಗಾಡಿ ತೊಳೆಯಬೇಡಿ. ಆಮೇಲೂ ಹಾಗೇ ಇದ್ದರೆ ಅದು ಗಾಳಿಯ ಗುಳ್ಳೆ, ಇಲ್ಲವೇ ಸಿಕ್ಕಿಕೊಂಡ ಧೂಳು. ಹಾಕಿದವನ ಹತ್ತಿರ ಹೋಗಿ ಆ ಭಾಗ ಬದಲಿಸಿ ಕೊಡು ಅನ್ನಿ. ಪ್ರೆಶರ್ ವಾಷರಿನ ನೀರನ್ನು ಅಂಚಿಗೆ ಹತ್ತಿರದಿಂದ ಹೊಡೆಸಬೇಡಿ, ಅಂಚು ಏಳುತ್ತದೆ.

ಫಿಲ್ಮಿನ ಮೇಲೆ ಗೀರು ಬಿದ್ದರೆ ತಾನೇ ಮಾಯವಾಗುತ್ತೆ ಅಂದರು, ಆಗಲಿಲ್ಲ. ಪಾರಿವಾಳದ ಹಿಕ್ಕೆಯ ಕಲೆಯೂ ಹೋಗ್ತಿಲ್ಲ. (ಮಾಟುಂಗಾ)

ಮಾಯವಾಗೋದು ನವಿರಾದ ಗೀರು ಮಾತ್ರ. ವಾಚ್‌ಮನ್ ಬೆಳಿಗ್ಗೆ ಒಂದೇ ಬಕೆಟ್ಟಿನಲ್ಲಿ ಇಡೀ ಬಿಲ್ಡಿಂಗಿನ ಗಾಡಿ ಒರೆಸುತ್ತಾನಲ್ಲ, ಆ ಥರದ ಗೀರು. ಮೇಲಿನ ಪದರಕ್ಕೆ ಬಿಸಿ ತಾಗಬೇಕು, ಬಿಸಿಲಾದರೂ ಸರಿ, ಬಿಸಿನೀರಾದರೂ ಸರಿ. ನಿಮ್ಮ ಗಾಡಿ ನೆಲಮಾಳಿಗೆಯಲ್ಲಿ ನಿಲ್ಲುವುದಾದರೆ ಒಂದು ಚೆಂಬು ಬಿಸಿನೀರು ಸುರಿದು ನೋಡಿ. ಕೀಲಿಯಿಂದ ಆಳವಾಗಿ ಗೀಚಿದ್ದರೆ ಹೋಗೋದಿಲ್ಲ. ಹಿಕ್ಕೆ ಬಿಸಿಲಿನಲ್ಲಿ ಒಣಗಿದರೆ ಫಿಲ್ಮನ್ನೂ ಸುಡುತ್ತದೆ. ಕೆಳಗಿನ ಬಣ್ಣ ಉಳಿದಿದೆ ಅನ್ನೋದೇ ಲಾಭ. ಮುಂದಿನ ಸಲ ಬಿದ್ದ ದಿನವೇ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆಯಿರಿ.

ಅಪಘಾತವಾಗಿ ಬಾನೆಟ್ಟಿಗೆ ಹೊಸ ಪೇಂಟ್ ಮಾಡಿಸಿದ್ದೇನೆ. ಮೇಲೆ ಫಿಲ್ಮ್ ಹಾಕಿಸಬಹುದಾ? (ಠಾಣೆ)

ಕಡಿಮೆ ಅಂದರೂ ಒಂದು ತಿಂಗಳು ಬಿಡಿ. ಗ್ಯಾರೇಜಿನ ಬಣ್ಣದೊಳಗಿನ ಥಿನ್ನರು ಪೂರ್ತಿ ಆರಬೇಕು, ಬೇಗ ಮುಚ್ಚಿದರೆ ಒಳಗೇ ಗುಳ್ಳೆ ಏಳುತ್ತದೆ. ಮುಂದೊಂದು ದಿನ ಫಿಲ್ಮು ತೆಗೆಸುವಾಗಲೂ ಎಚ್ಚರ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ಗಟ್ಟಿ, ಬಿಸಿ ಮಾಡಿ ನಿಧಾನಕ್ಕೆ ಎಳೆದರೆ ಏನೂ ಆಗೋದಿಲ್ಲ. ಗ್ಯಾರೇಜಿನ ಬಣ್ಣ ಕೆಲವೊಮ್ಮೆ ಫಿಲ್ಮಿನ ಜೊತೆಯೇ ಕಿತ್ತು ಬರುತ್ತದೆ. ಇದನ್ನು ಹಾಕುವವನಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ.

ಪಿಪಿಎಫ್ ಹಾಕಿಸಿದರೆ ಪೊಲೀಸರು ಹಿಡೀತಾರಾ? (ಪನ್ವೇಲ್)

2012ರಲ್ಲಿ ಸುಪ್ರೀಂ ಕೋರ್ಟು ಬೇಡ ಅಂದದ್ದು ಕಿಟಕಿ ಗಾಜಿನ ಮೇಲಿನ ಫಿಲ್ಮು. ಬಾಡಿ ಮೇಲಿನ ಪಾರದರ್ಶಕ ಫಿಲ್ಮಿಗೂ ಅದಕ್ಕೂ ಸಂಬಂಧವಿಲ್ಲ. ಬಣ್ಣದ ಫಿಲ್ಮು ಸುತ್ತಿಸಿ ಬಿಳಿ ಗಾಡಿಯನ್ನು ಹಸಿರು ಮಾಡಿದರೆ ಮಾತ್ರ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬರೆಸಬೇಕು.